ಮಂಜು ಡೋಲಪ್ಪನಾದ ಮಳೆಗಾಲ

ಹೋದ ವಾರ ದಿಂಬಿಗೆ ಹತ್ತಿ ತುಂಬಿಸಿಕೊಂಡು ಬರೋಣವೆಂದು ಹೂಡಿ ಸ್ಟೇಷನ್ ಕಡೆಯ ಗಲ್ಲಿಗೆ ಹೋಗಿದ್ದೆ. ಅಂಗಡಿಯವನು ಯಾರದೋ ಹಳೆಯ ಹಾಸಿಗೆ ಬಿಚ್ಚಿ ಹತ್ತಿ ಎಳೆಯುತ್ತಿದ್ದ. ಮಳೆಗೆ ನೆನೆದು ಅರೆಬರೆ ಒಣಗಿದ ಹತ್ತಿ. ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. "ಅಕ್ಕ, ನೀರು ಕೊಡ್ಲಾ?" ಅಂದ ಅವನು. ಬೇಡಪ್ಪ ಅಂದೆ. ಎದುರಿಗಿದ್ದ ಗೋಡೌನು ಈಗ ಹುಡುಗಿಯರ ಪಿಜಿ ಆಗಿದೆ, ಬಾಲ್ಕನಿ ತುಂಬ ಬಟ್ಟೆ ಒಣಗುತ್ತಿದ್ದವು. ಅದೇ ಗೋಡೌನಿನ ಒಳಗೋಡೆಗೆ ಹೊರಗಿನ ಸದ್ದು ಬರದಂತೆ ಇಂಥದೇ ಹಾಸಿಗೆಗಳನ್ನು ಬಿಗಿದು, ನಡುವೆ ನನ್ನ ಗಂಡನನ್ನು ಕೂರಿಸಿ, ಒಂದು ಮಳೆಗಾಲವಿಡೀ ಮಾತಾಡಿಸಿದ್ದರು.

ನಾವು ಬೆಂಗಳೂರಿನ ಈ ಹೂಡಿಯವರೇ. ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಗಾಜಿನ ಕಟ್ಟಡ ನಿಂತಿದೆ. ನಮಗೆ ಉಳಿದದ್ದು ಮನೆ, ಅದರ ಮೇಲೆ ಅಪ್ಪ ಕಟ್ಟಿಸಿದ ಮೂರು ಬಾಡಿಗೆ ರೂಮು. ಗದಗಿನ ಕಡೆಯಿಂದ ಬಂದ ಮಂಜುನಾಥ ಅದರಲ್ಲೊಂದು ರೂಮಿನಲ್ಲಿದ್ದ. ಮೊದಲು ಕಟ್ಟಡದ ಕೆಲಸ, ಆಮೇಲೆ ಡ್ರೈವಿಂಗು. ಕೆಳಗಡೆ ನಾನು ಬ್ಲೌಸ್ ಹೊಲಿಯುತ್ತಿದ್ದೆ. ಮುಂದಿನದನ್ನು ನಾನು ಬೇರೆ ಹೇಳಬೇಕಿಲ್ಲ. ಅಪ್ಪ ಆರು ತಿಂಗಳು ಮುಖ ಊದಿಸಿಕೊಂಡಿದ್ದರು. "ರೂಮ್ ಕೇಳ್ಕೊಂಡ್ ಬಂದೋನು ಮಗಳನ್ನೇ ಕೇಳ್ಬುಟ್ಟ. ಇಂಗೂ ಉಂಟಾ?" ಎಂದು ಊರವರ ಮುಂದೆಲ್ಲ ಅಂದರು. ಆಮೇಲೆ ಅದೇ ಅಳಿಯನ ಜೊತೆ ಕೂತು ಕಾಫಿ ಕುಡಿಯದಿದ್ದರೆ ಅವರಿಗೆ ಬೆಳಗೇ ಆಗುತ್ತಿರಲಿಲ್ಲ. ಮಂಜು ಇದ್ದದ್ದೇ ಹಾಗೆ. ಯಾರ ಹಾಗೆ ಬೇಕಾದರೂ ಮಾತಾಡುತ್ತಿದ್ದ. ನನ್ನಪ್ಪನ ಎದುರಿಗೇ ನನ್ನಪ್ಪನ ಹಾಗೆ ಮಾತಾಡಿ ಅವರನ್ನೇ ನಗಿಸಿದ ಭೂಪ.

ಆ ವರ್ಷ ಗೋಡೌನಿಗೆ ಸಿನಿಮಾದವರು ಬಂದರು. ಬೀಗ ಹಾಕಿದ ಅಂಗಡಿಯೊಂದರಲ್ಲಿ ಆಟಿಕೆಗಳಿಗೆ ಜೀವ ಬರುತ್ತದೆ, ಅವು ತಮ್ಮನ್ನು ಮರೆತುಹೋದ ಮಗುವನ್ನು ಹುಡುಕಿಕೊಂಡು ಬೆಂಗಳೂರಿಡೀ ಅಲೆಯುತ್ತವೆ, ಇದು ಕಥೆ. ಮನೆಮಂದಿಯೆಲ್ಲ ಕೂತು ನೋಡುವಂಥ ಸಾಹಸದ ಸಿನಿಮಾ. ಎಲ್ಲ ಕಂಪ್ಯೂಟರಿನಲ್ಲಿ ಮಾಡುತ್ತಿದ್ದರು. ಇಪ್ಪತ್ತು ಚಿಲ್ಲರೆ ಹುಡುಗರು ಹಗಲೆಲ್ಲ ಗೊಂಬೆಗಳ ಕೈಕಾಲು ಆಡಿಸುತ್ತ ಕೂತಿರುತ್ತಿದ್ದರಂತೆ. ನಿಖಿತಾ ಮೇಡಂ ಅಂತ ಡೈರೆಕ್ಟರು, ಮೂವತ್ತು ದಾಟಿರದ ಹುಡುಗಿ. ಅವರನ್ನು ಕರೆದುಕೊಂಡು ಬರುವುದು, ಬಿಡುವುದು ಮಂಜುವಿನ ಕೆಲಸ.

ಸಂಜೆ ಹೊತ್ತು ಕೆಲಸದವರು ಇಳಿದು ಬರುವವರೆಗೆ ಅವನು ಗಾಡಿಗೆ ಒರಗಿಕೊಂಡು ಮನೆಗೆ ಫೋನ್ ಮಾಡಿ ಮಗಳಿಗೆ ಕಥೆ ಹೇಳುತ್ತಿದ್ದ. ಚಿನ್ನುಗೆ ಆಗ ಮೂರು ತುಂಬಿ ನಾಲ್ಕು. ಕಥೆ ಕೇಳದೆ ಅನ್ನ ಮುಟ್ಟುತ್ತಿರಲಿಲ್ಲ. ಫೋನನ್ನು ತಟ್ಟೆಯ ಪಕ್ಕ ಇಟ್ಟು ನಾನು ತುತ್ತು ತಿನ್ನಿಸುವುದು, ಅವನು ಅಲ್ಲಿಂದ ನರಿಯಾಗಿ, ಕಾಗೆಯಾಗಿ, ಕೆಮ್ಮುವ ಮುದುಕನಾಗಿ ಮಾತಾಡುವುದು. ಒಂದು ದಿನ ಮೇಡಂ ಹಿಂದೆ ನಿಂತು ಅದನ್ನೆಲ್ಲ ಕೇಳಿಸಿಕೊಂಡರಂತೆ. ಮಾರನೆಯ ದಿನ ಒಳಗೆ ಕರೆದು ಮೈಕಿನ ಮುಂದೆ ಕೂರಿಸಿದರು.

ಅಂದು ಅವನು ಮನೆಗೆ ಬಂದ ರೀತಿಯೇ ಬೇರೆ. ಚಪ್ಪಲಿ ಬಿಡುತ್ತಲೇ, "ಸುಮಾ, ಇನ್ನ ಮ್ಯಾಲ ನನಗ ಡೋಲಪ್ಪ ಅಂತ ಕರೀಬೇಕು ನೋಡ" ಅಂದ. ಡೋಲಪ್ಪ ಅಂದರೆ ಆ ಸಿನಿಮಾದ ಹಿರಿಯ ಗೊಂಬೆ. ಕೀಲಿ ಕೊಟ್ಟರೆ ಡೋಲು ಬಾರಿಸುವ, ಬಣ್ಣ ಹೋದ ತಗಡಿನ ಗೊಂಬೆ. ಉಳಿದ ಆಟಿಕೆಗಳನ್ನೆಲ್ಲ ನಡೆಸಿಕೊಂಡು ಹೋಗುವವನು ಅವನೇ.

"ಹೀರೋನಾ?" ಅಂತ ಕೇಳಿದೆ.

"ಮತ್ತ? ಪಿಚ್ಚರ್ ತುಂಬ ನಾನ ಮಾತಾಡೂದು."

"ಗದಗ ಭಾಷೇಲಾ? ಜನ ಎದ್ದು ಹೋಗ್ತಾರೆ ಬಿಡು."

"ಹೋಗವ್ರು ಹೋಗ್ಲಿ, ನೀ ಕುಂತ ನೋಡ್ತಿ ಅಲ್ಲ, ಸಾಕು" ಅಂದ. ನಾನು ನಕ್ಕೆ. ಆದರೆ ಆ ಸಂಜೆಯೇ ಅಕ್ಕಪಕ್ಕದವರಿಗೆ, ಬ್ಲೌಸ್ ಕೊಡಲು ಬಂದವರಿಗೆ, ನನ್ನ ಅಕ್ಕನಿಗೆ, ಎಲ್ಲರಿಗೂ ಹೇಳಿ ಮುಗಿಸಿದ್ದೆ. ಅವನೂ ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದ. ನನ್ನ ಅತ್ತೆ ನೀಲವ್ವ ಹೆಚ್ಚು ಮಾತಿನವರಲ್ಲ. "ಗೊಂಬೀಗೆ ಮಾತ ಕಲಸ್ತೀಯೇನೋ ಹುಚ್ಚಪ್ಯಾಲಿ" ಅಂದದ್ದು ನನಗೂ ಕೇಳಿಸಿತು.

ಆ ವರ್ಷದ ಮಳೆ ಹೂಡಿಯನ್ನು ಹಣ್ಣು ಮಾಡಿತು. ಮೆಟ್ರೋ ಕಂಬದ ಕೆಳಗೆಲ್ಲ ಮೊಣಕಾಲುದ್ದ ನೀರು. ರೆಕಾರ್ಡಿಂಗ್ ಮಾಡುವುದೇ ಒಂದು ಯುದ್ಧವಾಗಿತ್ತು. ಶೀಟಿನ ಮೇಲೆ ಮಳೆ ಬಿದ್ದರೆ ನಿಲ್ಲಿಸಬೇಕು, ರೈಲು ಬಂದರೆ ನಿಲ್ಲಿಸಬೇಕು, ನೀರಿನ ಟ್ಯಾಂಕರು ರಿವರ್ಸ್ ತೆಗೆದುಕೊಳ್ಳುತ್ತ ಹಾಡು ಹಾಕಿದರೆ ನಿಲ್ಲಿಸಬೇಕು. ನಡುವೆ ಸಿಕ್ಕ ಸಂದಿನಲ್ಲಿ ಮಾತಾಡಬೇಕು. ಫ್ಯಾನೂ ಇಲ್ಲ, ಅದರ ಸದ್ದು ಮೈಕಿಗೆ ಬೀಳುತ್ತದಂತೆ. ನಾನೊಮ್ಮೆ ಊಟದ ಡಬ್ಬಿ ಕೊಡಲು ಹೋದಾಗ ಒಳಗೆ ಕೂರಿಸಿದರು. ಉಸಿರು ಬಿಗಿಹಿಡಿದು ಕೂತಿದ್ದೆ, ಆದರೂ ಬಳೆ ಸದ್ದು ಮಾಡಿತು. "ಅಕ್ಕ, ಪ್ಲೀಸ್, ಅದೊಂದು ಬಿಚ್ಚಿಬಿಡಿ" ಅಂದರು ಮೇಡಂ. ಬಳೆ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

ಹಾಸಿಗೆಗಳ ನಡುವೆ ಬೆವರು ಸುರಿಸುತ್ತ ಕೂತಿದ್ದ ಮಂಜು ನನ್ನ ಕಡೆ ನೋಡಲೂ ಇಲ್ಲ. ಎದುರಿಗೆ ಯಾವುದೋ ಮುರಿದ ಗೊಂಬೆ ಇದೆ ಅನ್ನುವ ಹಾಗೆ ಕೈ ಚಾಚಿ, "ಅಳಬ್ಯಾಡ ತಂಗಿ, ನಾ ಅದೀನಲ್ಲ" ಅಂದ. ಅಷ್ಟೇ ಮಾತು. ಮನೆಯಲ್ಲಿ ಹುಡುಗಾಟ ಮಾಡುತ್ತಿದ್ದ ಮನುಷ್ಯನ ಒಳಗೆ ಇಂಥ ಧ್ವನಿ ಎಲ್ಲಿತ್ತು ಅಂತ ನನಗೆ ಮೈ ಜುಮ್ಮೆಂದಿತು. ಆಚೆ ಬಂದು, "ಚೆನ್ನಾಗಿತ್ತು ಕಣೋ" ಅಂದೆ. ಅವನಿಗೆ ನಾಚಿಕೆಯಾಗಿ ಡಬ್ಬಿಯ ಮುಚ್ಚಳ ತೆಗೆಯುತ್ತ, "ಇವತ್ತೂ ಬದ್ನಿಕಾಯಿ?" ಅಂದ.

ಗಣೇಶನ ಹಬ್ಬ ಮುಗಿದ ಮೇಲೆ ಜ್ವರ ಬಂತು. ಪಕ್ಕದಲ್ಲಿ ಯಾರದೋ ಅಪಾರ್ಟ್‌ಮೆಂಟಿಗೆ ಪಾಯ ತೆಗೆದು ಹಾಗೇ ಬಿಟ್ಟಿದ್ದರು. ಅದರಲ್ಲಿ ನೀರು ನಿಂತು ಸೊಳ್ಳೆಯೋ ಸೊಳ್ಳೆ. ಆ ರಸ್ತೆಯಲ್ಲಿ ಮನೆಗೊಬ್ಬರು ಮಲಗಿದ್ದರು. ಎಲ್ಲರೂ ವಾರದಲ್ಲಿ ಎದ್ದು ಓಡಾಡಿದರು, ಇವನೂ ಏಳುತ್ತಾನೆ ಅಂತಲೇ ನಾನಿದ್ದೆ. ನಾಲ್ಕನೆಯ ದಿನ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು. ಆಸ್ಪತ್ರೆಗೆ ಸೇರಿಸಿದೆವು. ಸ್ಟುಡಿಯೋದ ಹುಡುಗರೆಲ್ಲ ಬಂದು ಸಾಲಾಗಿ ಕೂತು ರಕ್ತ ಕೊಟ್ಟರು. ಕೊಡುವಾಗಲೂ "ಏನಾಗಲ್ಲ ಅಕ್ಕ, ಡೋಲಪ್ಪಂಗೆ ಕೀಲಿ ಕೊಟ್ರೆ ಎದ್ಬಿಡ್ತಾರೆ" ಅಂತ ನನ್ನನ್ನು ನಗಿಸಲು ನೋಡಿದರು.

ಊರಿನಿಂದ ಅತ್ತೆ ರೈಲು ಹತ್ತಿದರು. ಮಂಜು ಎರಡೆರಡು ಸಲ ಕೇಳಿದ, "ಅವ್ವ ಎಲ್ಲೀತನ ಬಂದ್ಲು?" ತುಮಕೂರು ದಾಟಿದ್ದಾರೆ ಅಂತ ಸುಳ್ಳು ಹೇಳಿದೆ. ನಿಜಕ್ಕೂ ಅವರು ಅರಸೀಕೆರೆಯ ಹತ್ತಿರ ಇದ್ದರು. ಅವರು ಬಂದು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬಿಳಿಯ ಬಟ್ಟೆ ಸರಿಸಿ ಮುಖ ನೋಡಿದರು. ಅಳಲಿಲ್ಲ. ಅಲ್ಲಿಂದ ಊರಿನವರೆಗೆ ಆಂಬ್ಯುಲೆನ್ಸಿನಲ್ಲಿ ಕೂತು ಹೋದೆವಲ್ಲ, ಅಷ್ಟು ದೂರವೂ ಅಳಲಿಲ್ಲ. "ನನ್ನ ಮಗ ನನಗ ಹೇಳದಾ ಹೆಂಗ ಹೋದ?" ಅಂತ ಕೇಳುತ್ತಲೇ ಇದ್ದರು. ಮಣ್ಣು ಮಾಡಿ ಬಂದ ಮೇಲೂ ಅದೇ ಪ್ರಶ್ನೆ. ಸತ್ತದ್ದನ್ನು ಅವರು ಒಪ್ಪಲೇ ಇಲ್ಲ ಅನ್ನಬೇಕು. ಮಗ ಹೊರಟದ್ದನ್ನು ತಾನು ನೋಡಿಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ, ಹಾಗಿತ್ತು ಅವರ ಮುಖ.

ಆ ಚಳಿಗಾಲ ನಾನು ಹೇಗೆ ಕಳೆದೆ ಅಂತ ಕೇಳಬೇಡಿ. ಹೊಲಿಗೆ ಮೆಷಿನ್ನು ತುಳಿದೆ, ಅಷ್ಟೇ. ಫೋನಿನಲ್ಲಿ ಅವನ ಧ್ವನಿ ಇತ್ತು, ಇಲ್ಲವೆನ್ನುವುದಿಲ್ಲ. "ಸುಮಾ, ಮಾರತ್ತಹಳ್ಳಿ ಜಾಮ್ ಆಗೇತಿ, ಲೇಟ್ ಆಕ್ಕೇತಿ." "ಹಾಲು ತರಲೇನು?" ಎಲ್ಲ ಅವಸರದ ಮಾತು, ಹಾರ್ನಿನ ನಡುವೆ ಕೂಗಿದ್ದು. ಮಗಳಿಗೆ ಕಥೆ ಹೇಳುತ್ತಿದ್ದ ಧ್ವನಿ ಅದರಲ್ಲಿ ಎಲ್ಲೂ ಇರಲಿಲ್ಲ. ಅಳಬ್ಯಾಡ ತಂಗಿ ಅಂದ ಧ್ವನಿ ಇರಲಿಲ್ಲ. ಅದೆಲ್ಲ ಸಿನಿಮಾದಲ್ಲಿದೆ, ಬೇಸಿಗೆಗೆ ಸಿನಿಮಾ ಬರುತ್ತದೆ, ಇದೊಂದೇ ನನ್ನನ್ನು ಎತ್ತಿ ನಿಲ್ಲಿಸಿದ್ದು. ಅತ್ತೆಗೂ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದೆ. "ಎರಡು ತಾಸು ಪೂರ್ತಿ ಅವನೇ ಮಾತಾಡ್ತಾನೆ ಅತ್ತೆ. ಬರಲೇಬೇಕು." ಅವರು ಅತ್ತ ಕಡೆಯಿಂದ "ಬರ್ತೀನಿ ತಗೋ" ಅನ್ನುತ್ತಿದ್ದರು. ತಿಂಗಳಿಗೊಮ್ಮೆಯಾದರೂ, "ಎಂದ ಬರ್ತದ ಅದು?" ಅಂತ ಅವರೇ ಕೇಳುತ್ತಿದ್ದರು.

ಬೇಸಿಗೆ ರಜೆಗೆ ಪೋಸ್ಟರುಗಳು ಬಂದವು. ಬಸ್ಸಿನ ಹಿಂದೆ ಡೋಲಪ್ಪನನ್ನು ನೋಡಿ ರಸ್ತೆಯಲ್ಲೇ ಕೈ ಮುಗಿದೆ. ಗೊಂಬೆಗಳ ಮೇಲ್ಗಡೆ ಒಬ್ಬ ದೊಡ್ಡ ನಟರ ಮುಖ ಹಾಕಿದ್ದರು. ಅವರು ಆಟಿಕೆ ಅಂಗಡಿಯ ಯಜಮಾನನ ಪಾತ್ರ ಮಾಡಿರಬೇಕು ಅಂದುಕೊಂಡೆ. ಗೊಂಬೆಗಳ ಕಥೆಯಲ್ಲಿ ಮನುಷ್ಯರೂ ಇರುತ್ತಾರಲ್ಲ. ನಿಖಿತಾ ಮೇಡಂ ಪಾಸು ಕಳಿಸಿದರು. ಫೋನಿನಲ್ಲಿ ಏನೋ ಹೇಳಲು ಹೊರಟು, "ಬನ್ನಿ ಅಕ್ಕ, ಅಲ್ಲೇ ಸಿಗ್ತೀನಿ" ಅಂದು ಇಟ್ಟರು. ನಾನು ಅಪ್ಪ, ಅಮ್ಮ, ಅಕ್ಕ, ಭಾವ, ಅವರ ಮಕ್ಕಳು ಎಲ್ಲರನ್ನೂ ಹೊರಡಿಸಿದೆ. ಅತ್ತೆ ಊರಿನಿಂದ ಬಂದಿಳಿದರು, ಇಳಕಲ್ ಸೀರೆ ಉಟ್ಟುಕೊಂಡು, ಮಗನ ಮನೆಯ ಕಾರ್ಯಕ್ಕೆ ಬಂದವರ ಹಾಗೆ.

ವೈಟ್‌ಫೀಲ್ಡಿನ ಮಾಲು. ಓಡುವ ಮೆಟ್ಟಿಲು ಹತ್ತಲು ಅತ್ತೆ ಒಲ್ಲೆ ಅಂದರು, ಲಿಫ್ಟಿನಲ್ಲಿ ಕರೆದುಕೊಂಡು ಹೋದೆವು. ಒಳಗೆ ಚಿನ್ನು ನನ್ನ ತೊಡೆಯ ಮೇಲೆ, ಪಕ್ಕದಲ್ಲಿ ಅತ್ತೆ. ದೀಪ ಆರಿತು. ಕತ್ತಲೆಯ ಅಂಗಡಿ, ಗಾಜಿನ ಬೀರು, ಒಂದೊಂದೇ ಆಟಿಕೆ ಕಣ್ಣು ಬಿಡುತ್ತದೆ. ಡೋಲಪ್ಪನ ಬೆನ್ನಿನ ಕೀಲಿ ತಾನಾಗಿ ತಿರುಗಿತು. ಅತ್ತೆ ನನ್ನ ಕೈ ಹಿಡಿದುಕೊಂಡರು. ಡೋಲಪ್ಪ ಬಾಯಿ ತೆರೆದ.

ಆ ದೊಡ್ಡ ನಟರ ಧ್ವನಿ.

ಥಿಯೇಟರಿನಲ್ಲಿ ಶಿಳ್ಳೆ ಬಿತ್ತು. ನನಗೆ ಏನೂ ಅರ್ಥವಾಗಲಿಲ್ಲ. ಇನ್ನೊಂದು ಮಾತಿಗೆ ಸರಿಹೋಗುತ್ತದೆ ಅಂತ ಕಾದೆ. ಇನ್ನೊಂದಕ್ಕೆ ಕಾದೆ. ಅತ್ತೆ ನನ್ನ ಕಡೆ ತಿರುಗಿ, ಮೆಲ್ಲಗೆ, "ಇಂವಾ ನಮ್ಮ ಮಂಜ್ಯಾ ಅಲ್ಲಬೇ" ಅಂದರು. ತೊಡೆಯ ಮೇಲಿದ್ದ ಚಿನ್ನು ಮಾತ್ರ ಕುಣಿಯುತ್ತಿದ್ದಳು. "ಅಮ್ಮ, ಅಪ್ಪ ಮಾತಾಡ್ತಿದ್ದಾರೆ, ಅಪ್ಪ" ಅಂದಳು. ಅವಳಿಗೆ ಅಪ್ಪನ ಧ್ವನಿ ಆಗಲೇ ಮರೆತುಹೋಗಿದೆ ಅನ್ನುವುದು ನನಗೆ ಗೊತ್ತಾದದ್ದು ಹೀಗೆ. ಇವತ್ತಿಗೂ, ಎರಡನೇ ಕ್ಲಾಸಿನಲ್ಲಿ ಓದುವ ಅವಳನ್ನು ಕೇಳಿದರೆ, ಅಪ್ಪನ ಧ್ವನಿ ಆ ನಟರದ್ದೇ. ತಿದ್ದಲು ನನ್ನ ಹತ್ತಿರ ಏನಿದೆ ಹೇಳಿ?

ಇಂಟರ್ವಲ್ಲಿನಲ್ಲಿ ಅತ್ತೆ ಸೀಟು ಬಿಟ್ಟು ಏಳಲಿಲ್ಲ. ನಾನು ಒಬ್ಬಳೇ ಹೊರಗೆ ಹೋದೆ. ನಿಖಿತಾ ಮೇಡಂ ಪಾಪ್‌ಕಾರ್ನ್ ಕೌಂಟರಿನ ಪಕ್ಕ ನಿಂತಿದ್ದರು. ನನ್ನನ್ನು ನೋಡಿದ್ದೇ ಮುಖ ಇಳಿಯಿತು.

"ಏನ್ರೀ ಇದು ಮೇಡಂ? ಸತ್ತವನ ಧ್ವನಿ ಅಂತ ಕಿತ್ತಾಕಿದ್ರಾ?" ಅಂದೆ. ಸುತ್ತಲಿನವರು ತಿರುಗಿ ನೋಡಿದರು. ನೋಡಲಿ ಅಂದುಕೊಂಡೆ.

"ಅಕ್ಕ, ಹಂಗಲ್ಲ. ಅದು ಟ್ರ್ಯಾಕ್ ವಾಯ್ಸ್ ಅಕ್ಕ. ನಮ್ಮಲ್ಲಿ ಮಾಡೋದೇ ಹಂಗೆ. ಮೊದಲು ಒಬ್ಬರ ಹತ್ರ ಮಾತಾಡಿಸ್ತೀವಿ, ಆ ಮಾತಿಗೆ ಸರಿಯಾಗಿ ಗೊಂಬೆ ಬಾಯಿ, ಮುಖ ಎಲ್ಲ ಆಡಿಸ್ತೀವಿ. ಕೊನೇಲಿ ಹೆಸರಿರೋ ನಟರು ಬಂದು ಅದರ ಮೇಲೆ ಡಬ್ ಮಾಡ್ತಾರೆ."

"ಅವನಿಗೆ ಗೊತ್ತಿತ್ತಾ?"

"ಮೊದಲನೇ ದಿನಾನೇ ಹೇಳಿದ್ದೆ. ಮಾರನೇ ದಿನ ಬಂದು, ಮನೇಲಿ ಎಲ್ಲ ಖುಷಿಯಾಗಿದಾರೆ ಮೇಡಂ, ಸಿನಿಮಾ ಬರೋ ಟೈಮಿಗೆ ನಾನೇ ಹೇಳ್ತೀನಿ, ನೀವು ಹೇಳ್ಬೇಡಿ ಅಂದಿದ್ರು. ಆಮೇಲೆ ನಿಮಗೆ ಹೇಳೋಕೆ ನಂಗೆ ಧೈರ್ಯ ಬರ್ಲಿಲ್ಲ."

ನನ್ನ ಗಂಡನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅವತ್ತೊಂದೇ ದಿನ. ಬದುಕಿದ್ದಿದ್ದರೆ ಸರಿಯಾಗಿ ಬೈಯುತ್ತಿದ್ದೆ. ಅವನು ಕಿವಿ ಹಿಡಿದುಕೊಂಡು ಎದುರಿಗೆ ನಿಂತು ನಗಿಸುತ್ತಿದ್ದ. ಈಗ ಯಾರನ್ನು ಬೈಯಲಿ?

"ಆ ರೆಕಾರ್ಡಿಂಗಾದ್ರೂ ಕೊಡಿ" ಅಂದೆ.

ಮೇಡಂ ಕಣ್ಣೊರೆಸಿಕೊಂಡರು. ಡಬ್ಬಿಂಗ್ ಆದಮೇಲೆ ಎಲ್ಲವನ್ನೂ ನಿರ್ಮಾಪಕರ ಕಡೆಯವರು ತೆಗೆದುಕೊಂಡು ಹೋದರಂತೆ. ಟ್ರ್ಯಾಕುಗಳನ್ನು ಅಳಿಸಿಬಿಟ್ಟಿದ್ದರಂತೆ. ಎಲ್ಲ ಕಡೆ ಹುಡುಕಿಸಿದರೂ ಒಂದು ಮಾತೂ ಸಿಕ್ಕಲಿಲ್ಲವಂತೆ. "ಬಾಯಿ ಮಾತ್ರ ಅವರದ್ದೇ ಅಕ್ಕ. ಮಂಜಣ್ಣ ಮಾತಾಡುವಾಗ ಫೋನಲ್ಲಿ ವಿಡಿಯೋ ತಗೊಂಡು, ಅದನ್ನ ಎದುರಿಗೆ ಇಟ್ಕೊಂಡು ನಮ್ಮ ಹುಡುಗರು ಮಾಡಿದ್ದು. ಆ ಫೋನೂ ಈಗ ಇಲ್ಲ. ಆದ್ರೆ ಡೋಲಪ್ಪನ ಮುಖದಲ್ಲಿ ಆಡ್ತಿರೋದೆಲ್ಲ ಮಂಜಣ್ಣಂದೇ" ಅಂದರು. ಆಮೇಲೆ, "ಕೊನೇ ಸೀನ್ ಒಂದು ಬಿಟ್ಟು" ಅಂದರು. ಆ ಸೀನು ರೆಕಾರ್ಡ್ ಮಾಡುವ ವಾರದಲ್ಲಿ ಅವನು ಆಸ್ಪತ್ರೆಯಲ್ಲಿದ್ದ. ಅದನ್ನು ಎಡಿಟರ್ ಹುಡುಗ ಮಾತಾಡಿ ಮುಗಿಸಿದ್ದನಂತೆ.

ಒಳಗೆ ಬಂದು ಕೂತೆ. ಅತ್ತೆಗೆ ಏನೂ ಹೇಳಲಿಲ್ಲ. ಹೇಳಲು ಧೈರ್ಯವೆಲ್ಲಿ? ಸಿನಿಮಾ ಶುರುವಾಯಿತು. ಕೆರೆಯ ದಂಡೆಯಲ್ಲಿ ಡೋಲಪ್ಪ ಕೂತಿದ್ದಾನೆ, ಎದುರಿಗೆ ಕೈ ಮುರಿದ ಗೊಂಬೆ. ನಾನು ಎರಡೂ ಕಿವಿಗೆ ಬೆರಳು ಇಟ್ಟುಕೊಂಡೆ.

ಡೋಲಪ್ಪ ಕೆಳದುಟಿಯನ್ನು ಒಳಗೆ ಎಳೆದುಕೊಂಡ. ಕತ್ತು ಒಂದಿಷ್ಟು ವಾಲಿಸಿದ. ಬಾಯಿ ಎಡಕ್ಕೆ ಓರೆಯಾಗಿ ತೆರೆಯಿತು. ಅಳಬ್ಯಾಡ ತಂಗಿ. ಸದ್ದಿಲ್ಲದೆಯೂ ನನಗೆ ಒಂದೊಂದು ಅಕ್ಷರ ಕಂಡಿತು. ತಗಡಿನ ಆ ಮುಖದಲ್ಲಿ ನನ್ನ ಮಂಜು ನನ್ನೆದುರಿಗೆ ಕೂತಿದ್ದ.

ಚಿನ್ನುವನ್ನು ಅಕ್ಕನ ತೊಡೆಗೆ ದಾಟಿಸಿ, ಅತ್ತೆಯ ಎರಡೂ ಕಿವಿಯನ್ನು ನನ್ನ ಅಂಗೈಯಿಂದ ಮುಚ್ಚಿದೆ. ಅವರು ಬೆಚ್ಚಿ ಕೈ ತಳ್ಳಿದರು. "ಅತ್ತೆ, ಕೇಳ್ಬೇಡಿ. ಬರೀ ನೋಡಿ" ಅಂದು ಮತ್ತೆ ಮುಚ್ಚಿದೆ. ಈ ಸಲ ತಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಮುಂದೆ ಬಾಗಿದರು. "ನೋಡ, ತುಟಿ ಒಳಗ ತೊಗೊಂಡ ನೋಡ. ಬೈಸ್ಕೊಂಡ ಮ್ಯಾಲ ಮಾತಾಡೂ ಮುಂದ ಹಿಂಗಾ ಮಾಡ್ತಿದ್ದ, ಸಣ್ಣಾಂವ ಇದ್ದಾಗಿಂದ" ಅಂದರು. ಕಿವಿ ಮುಚ್ಚಿದ್ದರಿಂದ ಜೋರಾಗಿಯೇ ಅಂದುಬಿಟ್ಟರು. ಯಾರೋ ಹಿಂದಿನಿಂದ ಶ್ ಅಂದರು.

ನಾನು ತೆರೆ ನೋಡುವುದನ್ನು ಬಿಟ್ಟು ಅವರನ್ನೇ ನೋಡಿದೆ. ಡೋಲಪ್ಪ ಮಾತಾಡಿ ನಿಲ್ಲಿಸಿದಾಗಲೆಲ್ಲ ಅವರು "ಹೂಂ" ಅನ್ನುತ್ತಿದ್ದರು. ಮತ್ತೆ ಅವನು ಮಾತಾಡುತ್ತಿದ್ದ, ಇವರು "ಹೂಂ, ಹೌದಪ್ಪಾ" ಅನ್ನುತ್ತಿದ್ದರು. ಭಾನುವಾರ ಮಗ ಫೋನ್ ಮಾಡಿದಾಗ ಊರಿನ ಕಟ್ಟೆಯ ಮೇಲೆ ಕೂತು ಹೀಗೇ ಅನ್ನುತ್ತಿದ್ದರಂತೆ. ಅವನು ಎಲ್ಲಿ ನಿಲ್ಲಿಸುತ್ತಾನೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಅನ್ನುವುದು ಅವರಿಗೆ ಗೊತ್ತಿತ್ತು. ಒಂದು ಹೂಂ ಕೂಡ ತಪ್ಪಲಿಲ್ಲ. ಮುಖದ ಮೇಲೆ ತೆರೆಯ ಬೆಳಕು ಬಿದ್ದಿತ್ತು, ನಗುತ್ತಿದ್ದರು. ನನ್ನ ಕೈ ಸೋತುಹೋದರೂ ತೆಗೆಯಲಿಲ್ಲ. ಆ ಸಿನಿಮಾ ಮುಗಿಯದೇ ಇರಲಿ ಅಂತ ನಾನು ದೇವರನ್ನು ಬೇಡಿಕೊಂಡೆ.

ಆಟಿಕೆಗಳು ಕೊನೆಗೂ ಮಗುವಿನ ಮನೆ ತಲುಪಿದವು. ಬಾಗಿಲು ತೆರೆಯಿತು. ಮಗು ಓಡಿಬಂದು ಡೋಲಪ್ಪನನ್ನು ಎತ್ತಿಕೊಂಡಿತು. ಡೋಲಪ್ಪ ಮಾತಾಡತೊಡಗಿದ.

ಅತ್ತೆ ಹೂಂ ಅನ್ನಲು ಬಾಯಿ ತೆರೆದವರು ಅಲ್ಲಿಗೇ ತಡೆದರು. ಕಣ್ಣು ಕಿರಿದು ಮಾಡಿ ನೋಡಿದರು. ಡೋಲಪ್ಪನ ತುಟಿ ಅಲ್ಲಾಡುತ್ತಲೇ ಇತ್ತು, ಎಲ್ಲರಿಗೂ ಅದೇ ಡೋಲಪ್ಪ. ಅವರು ಎರಡೂ ಕೈಯಿಂದ ನನ್ನ ಅಂಗೈಗಳನ್ನು ಕಿವಿಯಿಂದ ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

"ಹೋದ ಸುಮಾ" ಅಂದರು. "ಈಗ ಹೋದ ನೋಡ, ನನ್ನ ಮಗ."

ಆಮೇಲೆ ಅತ್ತರು. ಎಂಟು ತಿಂಗಳು ಅಳದೆ ಇದ್ದ ಹೆಂಗಸು ಆ ಥಿಯೇಟರಿನಲ್ಲಿ, ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿರುವಾಗ, ಬಾಯಿಗೆ ಸೆರಗು ಇಟ್ಟುಕೊಳ್ಳದೆ ಅತ್ತರು. ಮುಂದಿನ ಸೀಟಿನವರು ತಿರುಗಿ ನೋಡಿದರು. ಅಪ್ಪ, "ಸಮಾಧಾನ ಮಾಡಮ್ಮ ಅವ್ರನ್ನ" ಅಂದರು. ನಾನು ಮಾಡಲಿಲ್ಲ.